ಬಂದರಕ್ಕ ಹೋದ್ರ ಕೆಸರು ನೋಡ್ರಿ

ಹೌದ್ರಿ ಅಕ್ಕಾರ, ನಿನ್ನೆ ರಾತ್ರಿನ ಬಂದ್ವಿ. ನಾವಿಲ್ಲದಾಗ ಮಲ್ಲಿಗಿ ಬಳ್ಳಿಗೆ ನೀವು ನೀರು ಹಾಕೀರಿ ಅಂತ ನೋಡಿದ ಕೂಡಲೆ ಗೊತ್ತಾತು, ಭಾಳ ಉಪಕಾರ. ತಗೋರಿ, ಇದು ಕುಮಟಾ ಉಳ್ಳಾಗಡ್ಡಿ. ನಮ್ಮ ಗದಗ ಮಾರ್ಕೆಟ್ಟಿನ್ಯಾಗ ಉಳ್ಳಾಗಡ್ಡಿಗೇನು ಬರಗಾಲ ಇಲ್ಲ, ಖರೆ. ಆದ್ರ ಇದು ಸೀ ಜಾತಿ, ಹಸೇದ ರೊಟ್ಟಿ ಜೋಡಿ ಕಡಕೊಂಡು ನೋಡ್ರಿ. ಬ್ಯಾಸಿಗ್ಯಾಗ ಹೆದ್ದಾರಿ ದಂಡಿಗುಂಟ ಹಿಂಗ ಜಡಿ ಹೆಣದು ತೂಗ ಹಾಕಿರ್ತಾರ.

ಬಂದರದಾಗ ಏನು ನೋಡೂದೈತಿ ಅಂತೀರಿ? ಎಲ್ಲಾರೂ ಇದನ್ನ ಕೇಳ್ತಾರ. ಗುಡಿ ಗುಂಡಾರಕ್ಕ ಹೋದ್ರ ಪುಣ್ಯ, ಮೈಸೂರಿಗೆ ಹೋದ್ರ ಅರಮನಿ, ಮೀನಿನ ವಾಸನಿ ಹೊಡಿಯೂ ಬಂದರಕ್ಕ ಗಂಡ ಹೆಂಡತಿ ಯಾಕ ಹೋಗಬೇಕು ಅಂತ. ಕೂಡ್ರಿ ಆ ಕಟ್ಟಿ ಮ್ಯಾಲೆ, ಹೇಳ್ತೀನಿ. ಅನ್ನಕ್ಕ ಇನ್ನೂ ಹೊತ್ತೈತಿ.

ನಮ್ಮ ಮನಿಯವರು ಹತ್ತಿ ಮಾರ್ಕೆಟ್ಟಿನ ಅಡತಿ ಅಂಗಡಿಯೊಳಗ ಲೆಕ್ಕಾ ಬರದವರು, ನಿಮಗ ಗೊತ್ತ ಐತಿ. ಅಂಗಡಿಗೆ ಬರ್ತಿದ್ದ ಹಿರೇರು ಜವಾರಿ ಹತ್ತಿಗೆ ಕುಮಟಾ ಹತ್ತಿ ಅಂತಿದ್ರಂತ. ಬೆಳೀತಿದ್ದದ್ದು ನಮ್ಮ ಎರಿ ಹೊಲದಾಗ, ಹಡಗು ಏರ್ತಿದ್ದದ್ದು ಕುಮಟಾದಾಗ, ಹಿಂಗಾಗಿ ಇಂಗ್ಲೆಂಡಿನ ಮಟಾ ಅದ ಹೆಸರು ಹೋತು. 1861ರಿಂದ 1865ರ ತನಕ ಅಮೆರಿಕಾದಾಗ ತಮ್ಮ ತಮ್ಮೊಳಗ ಯುದ್ಧ ಹತ್ತಿ, ಅಲ್ಲಿ ಹತ್ತಿ ಇಂಗ್ಲಿಷರ ಗಿರಣಿಗೆ ಬರೂದು ನಿಂತು ಹೋತಲ್ಲ, ಆವಾಗ ನಮ್ಮ ಧಾರವಾಡ ಸೀಮಿ ಹತ್ತಿಗೆ ಬಂಗಾರದ ಬೆಲಿ ಬಂತು. ಸಾಲು ಸಾಲು ಚಕ್ಕಡಿ ಘಟ್ಟ ಇಳದು ಕುಮಟಾಕ್ಕ ಹೋಗ್ತಿದ್ವು, ಬರೂ ಮುಂದ ಉಪ್ಪು, ತೆಂಗಿನಕಾಯಿ ಹೇರಕೊಂಡು ಬರ್ತಿದ್ವು. 1880ರ ದಶಕದಾಗ ರೈಲು ಬಂತು, ಹತ್ತಿ ಅಂಡಿಗಿ ಗೋವಾದ ಮರ್ಮಗೋವಾ ಬಂದರಕ್ಕ ಹೋಗಾಕ ಹತ್ತಿದ್ವು, ಕುಮಟಾದ ವ್ಯಾಪಾರ ಇಳೀತು. ಇಷ್ಟೆಲ್ಲಾ ಬಾಯಿಪಾಠ ಅವರಿಗೆ. ರಿಟೈರ್ ಆದ ಮ್ಯಾಲೆ, ನಮ್ಮೂರ ಹತ್ತಿ ಹೋದ ದಾರಿ ಹಿಡದು ನಾವೂ ಹೋಗಿ ಬರೂಣು ಅಂದ್ರು. ಅವರು ಹೋಗೂದು ಹಡಗು, ಕ್ರೇನು, ಹಳೇ ಗೋದಾಮು ನೋಡಾಕ. ನನ್ನ ಕಣ್ಣಿಗೆ ಮಾತ್ರ ಮೊದಲನೇ ಸಲಕ್ಕನ ಅಲ್ಲಿ ಜೀವಜಂತು ಬಿದ್ವು. ಈಗ ಇಬ್ಬರೂ ಅವನ್ನ ಹುಡುಕ್ಕೊಂಡು ಹೋಗ್ತೀವಿ.

ಗೋವಾದಿಂದ ಶುರು ಮಾಡ್ತೀನಿ. ಗದಗದಾಗ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಕುಂತ್ರ ಸೀದಾ ವಾಸ್ಕೋಕ್ಕ ಇಳಸ್ತೈತಿ, ನಡುವ ಗಾಡಿ ಬದಲಿ ಮಾಡೂದಿಲ್ಲ. ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯೂ ಮುಂದ ದೂಧಸಾಗರ ಕಿಡಕ್ಯಾಗ ಕಾಣ್ತೈತಿ, ಅದನ್ನ ಎಲ್ಲಾರೂ ಹೇಳ್ತಾರ. ನಾ ಹೇಳೂದು ಮೊಸಳಿ ಸುದ್ದಿ. ಅಲ್ಲಿ ಮಾಂಡವಿ, ಜುವಾರಿ ಅಂತ ಎರಡು ದೊಡ್ಡ ಹೊಳಿ, ಅವೆರಡನ್ನೂ ಕೂಡಸೂ ಕುಂಭಾರಜುವೆ ಅಂತ ಒಂದು ಕಾಲುವಿ. ಭರತ ಬಂದಾಗ ಸಮುದ್ರದ ಉಪ್ಪನೀರು ಅದರಾಗ ನುಗ್ಗತೈತಿ. ನಮ್ಮ ಕಡೆ ಹೊಳಿ ಕೆರಿಯೊಳಗ ಇರೂ ಜಾತಿ ಮೊಸಳಿನ ಅಲ್ಲಿ ಆ ಉಪ್ಪನೀರಿನ್ಯಾಗ ಸಂಸಾರ ಹೂಡ್ಯಾವ. ದೋಣ್ಯಾಗ ಹೋದಾಗ ಉಪ್ಪನೀರಾಗ ಬೆಳಿಯೂ ಕಾಂಡ್ಲಾ ಗಿಡದ ಬೇರಿನ ನಡುವ ಒಂದು ಬಾಯಿ ತಕ್ಕೊಂಡು ಬಿದ್ದಿತ್ತು. ಮೈಗೆ ಹತ್ತಿದ ಕೆಸರು ಒಣಗಿ, ನಮ್ಮ ಎರಿ ನೆಲ ಬ್ಯಾಸಿಗ್ಯಾಗ ಬಿರಿಯೂ ಹಂಗ ಬಿರದಿತ್ತು. ದೋಣಿಯವ ಕೈ ಮಾಡಿ ತೋರಸೂ ತನಕ ಅದು ಮೊಸಳಿ ಅಂತ ನಮಗ ತಿಳೀಲಿಲ್ಲ. ಅದರ ಕಣ್ಣ ಮಾತ್ರ ಹೊಳ್ಳತಿತ್ತು.

ಆ ಸೀಮ್ಯಾಗ ಪುಷ್ಯ ಮಾಸದ ಅಮಾವಾಸಿಗೆ ಮಣ್ಣಿಲೆ ಮೊಸಳಿ ಮಾಡಿ ಪೂಜಿ ಮಾಡೂ ಪದ್ಧತಿ ಐತ್ರಿ. ಉಪ್ಪನೀರು ಒಳಗ ಬರದಂಗ ಬದು ಕಟ್ಟಿದ ಗದ್ದಿ ಅವರವು, ಆ ಬದುವಿನ ಆಚೆ ಮೊಸಳಿ. ನಾವೂ ಮಣ್ಣೆತ್ತಿನ ಅಮಾವಾಸಿಗೆ ಎತ್ತು ಮಾಡಿ ಜಗಲಿ ಮ್ಯಾಲೆ ಇಡ್ತೀವಲ್ಲ, ಅದ ಭಕ್ತಿ. ಆದ್ರ ನಾವು ಪೂಜಿ ಮಾಡೂದು ನಮಗ ದುಡದು ಹಾಕೂ ಎತ್ತಿಗೆ. ಅವರು ಒಂದು ಕಾಳೂ ಬೆಳಕೊಡದ, ಅಂಜಿಕಿ ಹುಟ್ಟಸೂ ಪ್ರಾಣಿಗೂ ಬದುವಿನ ಮ್ಯಾಲೆ ಜಾಗಾ ಕೊಟ್ಟಾರ. ಅವರ ಮನಸ್ಸು ದೊಡ್ಡದು ಅಂತ ನಾ ಅವತ್ತ ನಮ್ಮ ಮನಿಯವರ ಮುಂದ ಹೇಳಿದೆ.

ಕಾರವಾರ? ನೀವೂ ಹೋಗೀರಿ, ಗೊತ್ತೈತಿ. ರವೀಂದ್ರನಾಥ ಟ್ಯಾಗೋರರು ತರುಣರಿದ್ದಾಗ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನ್ಯಾಗ ಬಂದು ಇದ್ರು, ಸಮುದ್ರ ದಂಡಿಗೆ ಅವರ ಹೆಸರ ಇಟ್ಟಾರ. ದಂಡಿ ಮ್ಯಾಲೆ ಚಪಲ್ ಅನ್ನೂ ಯುದ್ಧದ ಹಡಗನ್ನ ತಂದು ನಿಲ್ಲಿಸ್ಯಾರ, ನಮ್ಮ ಮನಿಯವರು ಅದರಾಗ ಒಂದು ತಾಸು ಕಳದ್ರು. ನೀವು ಮುಂದಿನ ಸಲ ಹೋದ್ರ ಬೈತಖೋಲ್ ಬಂದರದ ಕಡೆ ನಡ್ರಿ. ನಾವು ಮೀನು ಮುಟ್ಟೂ ಮಂದಿ ಅಲ್ಲ, ವಾಸನಿಗೆ ಮೊದಲು ಹೊಟ್ಟಿ ತೊಳಸ್ತೈತಿ, ಸೆರಗು ಮೂಗಿಗೆ ಹೋಗ್ತೈತಿ. ಅರ್ಧ ತಾಸು ನಿಂತ್ರ ಮೂಗು ಹೊಂದಿಕೊಳ್ತೈತಿ, ಕಣ್ಣು ತೆರೀತೈತಿ. ಬೋಟು ದಂಡಿಗೆ ಬಂದು ಬಲಿ ಝಾಡಸೂದು ತಡ, ಕೆಂಚ ರೆಕ್ಕಿ ಬಿಳೀ ತಲಿ ಗರುಡ ಮ್ಯಾಲೆ ತಿರಗ್ತಾವ, ಬೆಳ್ಳಕ್ಕಿ ಬಲಿ ಹೊಲಿಯೂ ಹೆಣ್ಮಕ್ಕಳ ಬಾಜೂಕ ಒಂದ ಮಾರು ದೂರದಾಗ ಬಂದು ನಿಂದರ್ತಾವ. ಹೆಣ್ಮಕ್ಕಳು ಅವನ್ನ ಓಡಸೂದಿಲ್ಲ. ಸಣ್ಣ ಮೀನು ಆ ಕಡೆ ಒಗದು ಮಾತು ಮುಂದವರಸ್ತಾರ.

ಆ ದಂಡಿಗೆ ಇನ್ನೊಂದು ದೊಡ್ಡ ಹದ್ದು ಐತಿ, ಬಿಳಿಹೊಟ್ಟೆಯ ಕಡಲ ಹದ್ದು. ಸಮುದ್ರದ ಬಾಜೂ ಎತ್ತರದ ಗಿಡದಾಗ ಕಟ್ಟಿಗಿ ಒಟ್ಟಿ ಗೂಡು ಕಟ್ಟತೈತಿ. ವರ್ಷಾ ವರ್ಷಾ ಅದ ಗೂಡಿಗೆ ಮತ್ತ ಕಟ್ಟಿಗಿ ಸೇರಿಸಿ ಬೆಳಸ್ತೈತಿ. ಮೀನ ಅಷ್ಟ ಅಲ್ಲ, ಕಡಲ ಹಾವನ್ನೂ ಕಾಲಾಗ ಹಿಡಕೊಂಡು ಹೋಗ್ತೈತಿ. ಆ ಒಂದು ಗಿಡ ಕಡದ್ರ ಅದರ ಎಷ್ಟೋ ವರ್ಷದ ಮನಿ ಹೋತು ಅಂತ ತಿಳೀರಿ. ಹೆದ್ದಾರಿ ಅಗಲ ಮಾಡೂ ಮುಂದ, ರೆಸಾರ್ಟ್ ಕಟ್ಟೂ ಮುಂದ ಗಿಡದ ತುದಿಗೊಮ್ಮೆ ಕಣ್ಣೆತ್ತಿ ನೋಡ್ರಿ ಅಂತ ಹೇಳವ್ರು ಬೇಕು.

ಡಾಲ್ಫಿನ್ ನೋಡಾಕ ಕೂರ್ಮಗಡ ನಡುಗಡ್ಡಿ ಕಡೆ ಬೋಟಿನ್ಯಾಗ ಕರಕೊಂಡು ಹೋಗ್ತಾರ. ಆಳದ ಸಮುದ್ರಕ್ಕ ಹೋಗೂದ ಬ್ಯಾಡ, ಈ ಬೂದಿ ಬಣ್ಣದ ಗೂನುಬೆನ್ನಿನ ಡಾಲ್ಫಿನ್ ದಂಡಿಗೆ ಹತ್ತಿರ, ಹೊಳಿ ಬಾಯಾಗ ಇರೂವಂಥಾದ್ದು. ಕಾಳಿ ಹೊಳಿ ಸಮುದ್ರ ಸೇರೂ ಜಾಗಾದಾಗ ಮೀನು ಹೆಚ್ಚ, ಅದಕ್ಕ ಇವೂ ಅಲ್ಲೆ. ನಮ್ಮ ಬೋಟಿನವ ಇಂಜಿನ್ ಬಂದ್ ಮಾಡಿದ. ಸಪ್ಪಳಿಲ್ಲ. ಫುಸ್ ಅಂತ ಉಸಿರು ಬಿಟ್ಟದ್ದು ಮೊದಲು ಕೇಳಸ್ತು, ಆಮ್ಯಾಲೆ ಬೆನ್ನು ಕಾಣಸ್ತು, ಅದರ ಮಗ್ಗಲಕ್ಕ ಮರಿ. ಮರಿಗೆ ಮೊಲಿ ಉಣಿಸೂ ಪ್ರಾಣಿ ಅದು, ಉಸಿರಿಗೆ ಮ್ಯಾಲೆ ಬರಾಕ ಬೇಕು. ಇವರು ನನ್ನ ಕೈ ಹಿಡಕೊಂಡು ಸುಮ್ಮ ಕುಂತ್ರು, ಫೋನ್ ತಗೀಲಿಲ್ಲ. ಬಾಜೂದ ಬೋಟಿನವರು ಮಾತ್ರ ಇಂಜಿನ್ ಹಚ್ಚಿಕೊಂಡ ಬೆನ್ನಟ್ಟಿದ್ರು, ತಾಯಿ ಮರಿ ಮುಳುಗಿ ದೂರ ಹೋದ್ವು. ರೊಕ್ಕಾ ಕೊಡವ್ರು ನಾವು. ಬೆನ್ನಟ್ಟಬ್ಯಾಡಪಾ, ದೂರದಿಂದ ತೋರಸು ಸಾಕು ಅಂತ ನಾವು ಹೇಳಿದ್ರ ಬೋಟಿನವರು ಕೇಳ್ತಾರ.

ಆದ್ರ ಅಕ್ಕಾರ, ನನ್ನ ಮನಸ್ಸು ನಿಂತದ್ದು ತದಡಿಯೊಳಗ. ಗೋಕರ್ಣಕ್ಕ ಹೋದವರು ಯಾರೂ ಆ ಕಡೆ ಹೊಳ್ಳೂದಿಲ್ಲ, ಹತ್ರನ ಐತಿ. ಅಘನಾಶಿನಿ ಹೊಳಿ ಅಲ್ಲಿ ಸಮುದ್ರ ಸೇರತೈತಿ. ಶಿರಸಿ ಕಡೆ ಹುಟ್ಟಿ, ಒಂದೂ ಆಣೆಕಟ್ಟು ಇಲ್ಲದ, ಬಂದಂಗ ಹರದು ಬರೂ ಹೊಳಿ. ತದಡಿ ಮೀನುಗಾರಿಕಿ ಬಂದರದಿಂದ ಆಚೆ ದಂಡಿ ಅಘನಾಶಿನಿ ಊರಿಗೆ ದೋಣ್ಯಾಗ ದಾಟಬಹುದು. ನಾವು ಹೋದಾಗ ಇಳಿತದ ಹೊತ್ತು, ನೀರು ಸರದು ಕೆಸರು ಬಯಲಾಗಿತ್ತು. ನಮ್ಮ ಮನಿಯವರು, ‘ಇಲ್ಲೇನೈತಿ, ಬರೀ ರಾಡಿ’ ಅಂದ್ರು. ಕೂಡ್ರಿ ಅಂದೆ. ಕುಂತ್ವಿ.

ಸ್ವಲ್ಪ ಹೊತ್ತಿಗೆ ರಾಡಿ ಅಲುಗಾಡಾಕ ಹತ್ತಿತು. ತೂತು ತೂತಿನಿಂದ ಏಡಿ ಹೊರಗ ಬಂದ್ವು, ಬಟ್ಟಿನ ಉಗರಿನಷ್ಟು ಸಣ್ಣವು. ಗಂಡು ಏಡಿಗೆ ಒಂದು ಕೊಂಡಿ ಮಾತ್ರ ಮೈಗಿಂತ ದೊಡ್ಡದು, ಅದನ್ನ ಎತ್ತಿ ಎತ್ತಿ ಹೆಣ್ಣನ್ನ ಕರೀತೈತಿ. ಇನ್ನೊಂದು ಕೊಂಡಿ ಸಣ್ಣದು, ಕೆಸರು ತಗದು ಬಾಯಿಗೆ ಇಟ್ಟುಕೊಳ್ಳಾಕ. ಅವುಗಳ ನಡುವ ಮೀನು ನಡೀತಿದ್ವು. ನಂಬ್ರಿ, ಮೀನ! ಎದಿ ಮುಂದಿನ ಎರಡು ರೆಕ್ಕಿ ಊರಿ ಕೆಸರಿನ ಮ್ಯಾಲೆ ತೆವಳ್ತಾವ, ಜಿಗೀತಾವ, ನೆತ್ತಿ ಮ್ಯಾಲಿನ ಕಣ್ಣು ಹೊಳ್ಳಸಿ ನೋಡ್ತಾವ. ಮೈ ಹಸಿ ಇರೂ ತನಕ ಅವಕ್ಕ ನೀರಿನ ಹೊರಗೂ ಉಸಿರು ಆಡ್ತೈತಿ. ಇವರು ಚಷ್ಮಾ ವರಸ್ಕೊಂಡು, ಬಗ್ಗಿ, ಊಟದ ಹೊತ್ತು ಮೀರಿದ್ರೂ ಏಳಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಲ್ಲೇ ಗಂಟು ಬಿಚ್ಚಿ ತಿಂದ್ವಿ.

ಅದ ಕೆಸರಿನ ಆಚೆ ಮಂದಿನೂ ಇದ್ರು. ಗಂಡಸರು ಹೆಂಗಸರು ಸೊಂಟದ ಮಟಾ ನೀರಾಗ ನಿಂತು ಬಳಚು ಆರಸ್ತಿದ್ರು. ಬಳಚು ಅಂದ್ರ ಎರಡು ಚಿಪ್ಪಿನ ಜೀವ, ಕೆಸರಿನೊಳಗ ಹೂತಿರ್ತೈತಿ, ಕಾಲಿಲೆ ತಡವಿ ಗುರ್ತ ಹಿಡೀತಾರ. ಆ ಹೊಳಿ ಬಾಯಾಗ ಸಾವಿರಾರು ಸಂಸಾರ ಅದರ ಮ್ಯಾಲೆ ಬದುಕ್ಯಾವ. ಒಳಗಿನ ಗಜನಿ ಗದ್ಯಾಗ ಕಗ್ಗ ಅನ್ನೂ ಭತ್ತ ಬೆಳೀತಾರ, ಉಪ್ಪನೀರು ನಿಂತ್ರೂ ಸಾಯೂದಿಲ್ಲ ಅದು. ಹೊಳಿ ಮ್ಯಾಲಿಂದ ಸಿಹಿನೀರು ಬರಬೇಕು, ಕೆಳಗಿಂದ ಉಪ್ಪನೀರು ಏರಬೇಕು, ಎರಡೂ ಕೂಡಿದ್ರ ಬಳಚು, ಏಡಿ, ಸೀಗಡಿ, ಕಗ್ಗ. ಮ್ಯಾಲೆ ನೀರು ಕಟ್ಟಿದ್ರ ಕೆಳಗ ಇದೆಲ್ಲಾ ಕೆಡ್ತೈತಿ. ತದಡಿಯೊಳಗ ಒಂದು ಕಾಲಕ್ಕ ಉಷ್ಣ ವಿದ್ಯುತ್ ಸ್ಥಾವರ ಮಾಡಬೇಕಂತ ಇತ್ತು, ಆಮ್ಯಾಲೆ ದೊಡ್ಡ ಬಂದರದ ಮಾತು ಬಂತು, ಅಲ್ಲಿ ಮಂದಿ ವಿರೋಧ ಮಾಡಿದ್ರು. ಆ ಮಂದಿ ಗಟ್ಟಿ ನಿಂತದ್ದಕ್ಕ ನನ್ನ ನಮಸ್ಕಾರ.

ಗದ್ದಿ ಬದುವಿನ ಮ್ಯಾಲೆ ಒಂದು ಕಡೆ ಏಡಿ ಚಿಪ್ಪಿನ ಚೂರು ತುಂಬಿದ ಲದ್ದಿ ಬಿದ್ದಿತ್ತು, ಮಗ್ಗಲಕ್ಕ ಬೆರಳಿನ ನಡುವ ಪೊರಿ ಇರೂ ಸಣ್ಣ ಪಂಜಾದ ಗುರ್ತು. ನೀರುನಾಯಿದು ಅಂತ ದೋಣಿ ನಡಸಾವರು ಹೇಳಿದ್ರು. ನೀರುನಾಯಿ ನಮಗ ಕಾಣಲಿಲ್ಲ, ರಾತ್ರಿ ತಿರಗ್ತಾವ ಅಲ್ಲಿ. ಮುಂಡರಗಿಯ ನಮ್ಮ ತಂಗಿ ಮುಂದ ಹೇಳಿದ್ರ, ‘ಅಯ್ಯ, ನಮ್ಮ ತುಂಗಭದ್ರಾದಾಗೂ ಅದಾವಲ್ಲ’ ಅಂದ್ಳು. ಖರೆ ಐತಿ. ಹಂಪಿ ಕಡೆ, ಮುದ್ಲಾಪುರದಿಂದ ಕಂಪ್ಲಿ ಮಟಾ ಹೊಳಿಯನ್ನ 2015ರಾಗ ನೀರುನಾಯಿಗೇ ಅಂತ ಮೀಸಲು ಮಾಡ್ಯಾರ. ನಾವು ಮೂರು ತಾಸಿನ ದಾರಿಯೊಳಗ ಇದ್ದು ನೋಡಿಲ್ಲ ನೋಡ್ರಿ, ಈ ಸಲ ಹೋಗೂದೈತಿ.

ಹೊನ್ನಾವರದ ಸುದ್ದಿ ಸ್ವಲ್ಪ ದುಃಖದ್ದು. ಶರಾವತಿ ಸಮುದ್ರ ಸೇರೂ ಕಡೆ, ಕಾಂಡ್ಲಾ ಗಿಡದ ನಡುವ ಕಟ್ಟಿಗಿ ದಾರಿ ಮಾಡ್ಯಾರ, ಚಂದ ಐತಿ. ಅಲ್ಲೇ ಕಾಸರಕೋಡ ಬೀಚಿಗೆ 2020ರಾಗ, ಸ್ವಚ್ಛ ಬೀಚಿಗೆ ಕೊಡೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕೈತಿ. ಅದರ ಮಗ್ಗಲದ ಟೊಂಕದ ಉಸುಕಿನ ದಂಡಿಗೆ ಕಡಲಾಮಿ ಬಂದು ತತ್ತಿ ಇಡ್ತಾವ. ಚಳಿಗಾಲದ ರಾತ್ರಿ ತಾಯಿ ಏರಿ ಬಂದು, ಹಿಂಗಾಲಿಲೆ ಕುಣಿ ತೋಡಿ ನೂರರ ಆಜೂಬಾಜೂ ತತ್ತಿ ಇಟ್ಟು, ಉಸುಕು ಮುಚ್ಚಿ ಹೊಳ್ಳಿ ಹೋಗ್ತೈತಿ. ಒಂದೂವರಿ ಎರಡು ತಿಂಗಳಿಗೆ ಮರಿ. ಮೀನುಗಾರರು ಜಾಗಾ ಗುರ್ತ ಹಿಡದು ಅರಣ್ಯ ಇಲಾಖೆಗೆ ತಿಳಸ್ತಾರ, ನಾಯಿ ನರಿ ಮುಟ್ಟದಂಗ ಸುತ್ತ ಜಾಳಿಗಿ ಕಟ್ತಾರ. ಅದ ಟೊಂಕದಾಗ ಖಾಸಗಿ ಬಂದರ ಕಟ್ಟೂದು ನಡದು, ಮೀನುಗಾರರು ವರ್ಷಗಟ್ಟಲೆ ಹೋರಾಟ ಮಾಡ್ಯಾರ. ಬಂದರ ಬ್ಯಾಡ ಅನ್ನೂ ಮಂದಿ ನಾವಲ್ಲ, ನಮ್ಮ ಹತ್ತಿ ಬಂದರ ಇಲ್ಲದ ಎಲ್ಲಿ ಹೋಗ್ತಿತ್ತು? ಆದ್ರ ತತ್ತಿ ಇಡೂ ಉಸುಕಿನ ಮ್ಯಾಲೆ ರಸ್ತೆ ಹಾಕಿದ್ರ ಆಮಿಗೆ ಬ್ಯಾರೆ ದಂಡಿ ಯಾರು ಕೊಡಾವರು? ಒಣಗಸಾಕ ಹಾಕಿದ ಮೀನಿನ ಜಾಗಾ ಹೋದ್ರ ಆ ಹೆಣ್ಮಕ್ಕಳಿಗೆ ಯಾರು ಕೊಡಾವರು?

ಮಂಗಳೂರು ಬಂದರಕ್ಕೂ ಹೋಗೀವಿ. ದಕ್ಕೆಯೊಳಗ ಬೆಳಗಾ ಮುಂಜಾನೆ ಹರಾಜಿನ ಗದ್ದಲ, ಗರುಡ, ಕಾಗಿ. ಮಳಿಗಾಲದಾಗ ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಸಮುದ್ರಕ್ಕ ಇಳಿಯೂ ಹಂಗಿಲ್ಲ, ಮೀನು ಮರಿ ಮಾಡೂ ಕಾಲ ಅದು. ಆವಾಗ ಹೋದ್ರ ಏನೂ ಕಾಣೂದಿಲ್ಲ, ತಿಳಕೊಂಡು ಹೋಗ್ರಿ. ಮುಂಬೈದಾಗ ಮಗಳ ಮನಿಗೆ ಹೋದಾಗ ಶಿವಡಿ ಜೆಟ್ಟಿಗೆ ಹೋದ್ವಿ. ಹಳೇ ಹಡಗು, ಎಣ್ಣಿ ಟ್ಯಾಂಕು, ಗೋದಾಮು, ಅವುಗಳ ಮುಂದ ಕೆಸರು, ಕೆಸರಿನ ತುಂಬ ಗುಲಾಬಿ ಬಣ್ಣದ ರಾಜಹಂಸ! ಕೊಕ್ಕು ತಲಿಕೆಳಗ ಮಾಡಿ ಕೆಸರು ಸೋಸ್ತಾವ. ಅವು ತಿನ್ನೂ ಪಾಚಿ, ಸಣ್ಣ ಜೀವದಾಗಿನ ಬಣ್ಣನ ರೆಕ್ಕಿಗೆ ಏರತೈತಿ. ಮ್ಯಾಲೆ 2024ರಾಗ ತೆರದ ಅಟಲ್ ಸೇತು, ಕಾರು ಓಡ್ತಿರ್ತಾವ. ಅಲ್ಲಿ ಠಾಣೆ ಖಾಡಿಗೆ 2022ರಾಗ ರಾಮ್ಸಾರ್ ಮಾನ್ಯತೆ ಬಂದೈತಿ.

ರಾಮ್ಸಾರ್ ಅಂದ್ರ ಇರಾನ್ ದೇಶದ ಊರು. 1971ರಾಗ ಅಲ್ಲಿ ಸೇರಿ ಕೆರಿ, ಕೆಸರು, ಹೊಳಿ ಬಾಯಿ ಉಳಿಸೂಣು ಅಂತ ದೇಶ ದೇಶದವರು ಒಪ್ಪಂದ ಮಾಡಿಕೊಂಡ್ರು. ಇದನ್ನ ಯಾಕ ಹೇಳಾಕ ಹತ್ತೀನಿ ಅಂದ್ರ, 2024ರ ಜನವರಿ ಕೊನೀಕ ಕರ್ನಾಟಕದ ಮೂರು ಜಾಗಾ ಒಮ್ಮೆಲೆ ಆ ಪಟ್ಟಿಗೆ ಸೇರಿದ್ವು. ಒಂದು ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ. ಇನ್ನೊಂದು ನಾ ಹೇಳಿದ ಅಘನಾಶಿನಿ ಹೊಳಿ ಬಾಯಿ. ಮೂರನೇದು ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ! ಸುದ್ದಿ ಓದಿ ನಾ ಇವರನ್ನ ಅಡಿಗಿ ಮನಿಗೆ ಕರದು ಮತ್ತೊಮ್ಮೆ ಓದಸಿದೆ. ಸಾವಿರಾರು ಎಕರೆ ಹೊಳಿ ಬಾಯಿ ಜೋಡಿ, ನಮ್ಮ ನೂರಾ ಮೂವತ್ತು ಚಿಲ್ಲರೆ ಎಕರೆ ಕೆರಿ ಸರಿಸಮ ಕುಂತೈತಿ.

ನನ್ನ ತವರು ಲಕ್ಷ್ಮೇಶ್ವರ, ಮಾಗಡಿ ಅಲ್ಲಿಂದ ದೂರಿಲ್ಲ. ಸಣ್ಣಾಕಿ ಇದ್ದಾಗ ದೊಡ್ಡ ಬಾತು ಬರ್ತಾವ ಅಂತ ಕೇಳಿದ್ದೆ, ಅಷ್ಟ. ಬಂದರದ ಕೆಸರು ನೋಡಿ ಬಂದ ಮ್ಯಾಲೆ ಇಬ್ಬರೂ ಅಲ್ಲಿ ಹೋಗಿ ಕುಂತ್ವಿ. ಪಟ್ಟೆತಲೆ ಹೆಬ್ಬಾತು ಅಂತಾರ ಅವಕ್ಕ. ಬೂದಿ ಮೈ, ಬಿಳೀ ತಲಿ, ತಲಿ ಹಿಂದ ಎರಡು ಕರೀ ಪಟ್ಟಿ, ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟೂ ಹೊತ್ತಿಗೆ ಹಿಮಾಲಯ ದಾಟಿ ಬರ್ತಾವ. 7000 ಮೀಟರಿಗಿಂತ ಎತ್ತರದಾಗ ಹಾರಿದ್ದನ್ನ ಯಂತ್ರ ಕಟ್ಟಿ ಅಳದಾರ. ಮಂಗೋಲಿಯಾದಾಗ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿ ಕರ್ನಾಟಕದ ಕೆರಿಯೊಳಗ ಸಿಕ್ಕಾವ. ನವೆಂಬರ್‌ಕ್ಕ ಬಂದ್ರ ಫೆಬ್ರುವರಿ, ಮಾರ್ಚ್ ಮಟಾ ಇರ್ತಾವ. ಹಗಲೆಲ್ಲಾ ಕೆರಿಯೊಳಗ ತೇಲಕೋತ, ದಂಡಿಗೆ ನಿದ್ದಿ ಹೊಡಕೋತ ಇದ್ದು, ಹೊತ್ತು ಮುಣುಗಿದ ಮ್ಯಾಲೆ ಸುತ್ತಲಿನ ಹೊಲಕ್ಕ ಮೇಯಾಕ ಹೋಗ್ತಾವ. ಆ ಹಿಂಡು ಒಮ್ಮೆಲೆ ಎದ್ದು ತಲಿ ಮ್ಯಾಲೆ ಹೋಗೂ ಸಪ್ಪಳ ಕೇಳಿದ್ರ ಮೈ ಝುಂ ಅಂತೈತಿ. ನಮ್ಮ ಮನಿಯವರು ಹಳೇ ಲೆಕ್ಕದ ಪುಸ್ತಕದಾಗ ಈಗ ಹತ್ತಿ ಬದಲಿ ಇದನ್ನ ಬರೀತಾರ: ಹಕ್ಕಿ ಬಂದ ತಾರೀಖು, ಕೆರಿ ನೀರು ಎಲ್ಲಿ ಮಟಾ ಐತಿ, ಎಷ್ಟು ಹಕ್ಕಿ ಕಂಡ್ವು, ಹೊಳ್ಳಿ ಹೋದ ತಾರೀಖು.

ಈಗ ಹೋದ್ರ ಸಿಗೂದಿಲ್ಲ, ಹಕ್ಕಿ ಹೋಗ್ಯಾವ. ಡಿಸೆಂಬರ್‌ದಾಗ ನಡ್ರಿ, ನೀವೂ ಯಜಮಾನರೂ ನಮ್ಮ ಜೋಡಿ. ದುರ್ಬೀನು ನಮ್ಮನ್ಯಾಗ ಐತಿ. ಮುಂಜಾನೆ ಬೆಳಕು ಹರಿಯೂ ಮುಂದ ಮುಟ್ಟಬೇಕು, ಏರಿ ಮ್ಯಾಲೆ ಮೊಬೈಲಿನ ಹಾಡು ಹಚ್ಚಬಾರದು, ಕಲ್ಲು ಒಗದು ಹಾರಸಬಾರದು, ಪ್ಲಾಸ್ಟಿಕ್ ಚೀಲ ಹೊಳ್ಳಿ ತರಬೇಕು. ಮತ್ತ ಒಂದು ಕೆಲಸ ಮರೀಬ್ಯಾಡ್ರಿ. ಸುತ್ತಲಿನ ಹೊಲದವರನ್ನ ಮಾತಾಡಸಿ ಬರೂಣು. ಹಿಮಾಲಯ ದಾಟಿ ಬಂದ ಹಕ್ಕಿಗೆ ಉಣ್ಣಾಕ ಹಾಕವ್ರು ಅವರು, ಅವರ ಕಡ್ಲಿ, ಅವರ ಶೇಂಗಾ ತಿಂದ ಅವು ಚಳಿಗಾಲ ಕಳೀತಾವ. ಹಕ್ಕಿ ತಿಂದ ಬೆಳಿಗೆ ತಕ್ಕ ರೊಕ್ಕಾ ಅವರ ಕೈಗೆ ವರ್ಷಾ ತಪ್ಪದ ಮುಟ್ಟಬೇಕು, ಅದನ್ನ ಗದಗ ಬೆಟಗೇರ್ಯಾಗ ಕುಂತ ನಾವೂ ಅವರ ಜೋಡಿ ನಿಂತು ಕೇಳಬೇಕು.